ದೀಪ ಹಚ್ಚಿದ ಮೇಲಿನ ದನಿ

ಹೋದ ವಾರ ನನ್ನನ್ನು ಇಂಟರ್‌ನೆಟ್ಟಿನಿಂದ ತೆಗೆದುಹಾಕಬೇಕು ಅಂತ ಯಾರೋ ಬರೆದರು.

ನಗಬೇಡಿ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ಇಂಟರ್‌ನೆಟ್ಟಿನಲ್ಲಿ ಏನು ಮಾಡುತ್ತಿದ್ದಳು ಅಂತ ಕೇಳುತ್ತೀರಿ. ಮಾತಾಡುತ್ತಿದ್ದೆ. ನನಗೆ ಬೇರೇನು ಬರುತ್ತೆ? (ಈ ಅಂಕಣವೂ ಅದೇ ತಾನೇ.)

ಮಗಳ ಮಗಳು ಸಿಂಚನ ನಮ್ಮ ಮನೆಯಲ್ಲೇ ಇದ್ದುಕೊಂಡು ತಿಪಟೂರಿನ ಕಾಲೇಜಿಗೆ ಹೋಗುತ್ತಾಳೆ. ತುರುವೇಕೆರೆಯಿಂದ ಬೆಳಗಿನ ಬಸ್ಸು ಹತ್ತಿದರೆ ವಾಪಸ್ ಮನೆ ಸೇರುವುದು ಹೊತ್ತು ಮುಳುಗುವಾಗ. ಆಮೇಲೆ ಅವಳಿಗೊಂದು ಹುಚ್ಚು. ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಸೇರಿ ಬರೆಯುವ ಡಿಕ್ಷನರಿಯೊಂದಿದೆ. ಸಂಬಳವಿಲ್ಲ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಅದರಲ್ಲಿ ಕನ್ನಡದ ಪದಗಳ ಉಚ್ಚಾರಣೆ ತೋರಿಸುವ ಟೆಂಪ್ಲೇಟನ್ನು ನೋಡಿಕೊಳ್ಳುವುದು ನಮ್ಮ ಸಿಂಚು.

ಟೆಂಪ್ಲೇಟ್ ಅಂದರೆ? ನಾನೂ ಕೇಳಿದೆ.

"ಚಕ್ಲಿ ಒರಳಿನ ಬಿಲ್ಲೆ ಇದ್ದಂಗೆ ಕಣಜ್ಜಿ. ಬಿಲ್ಲೆ ಒಂದು ಬದಲಾಯಿಸಿದ್ರೆ ಅಷ್ಟೂ ಚಕ್ಲಿ ಬದಲಾಗುತ್ತೆ."

ಈ ಹುಡುಗಿಗೆ ಸಣ್ಣವಳಿದ್ದಾಗ ಮಾತೇ ಬಂದಿರಲಿಲ್ಲ. ವಾರಗೆಯ ಮಕ್ಕಳೆಲ್ಲ ಹಾಡು ಹೇಳುತ್ತಿದ್ದರೆ ಇವಳು ಕೈ ತೋರಿಸುತ್ತಿದ್ದಳು. ನಾನು ಕೈಮುಗಿಯದ ಗುಡಿಯಿಲ್ಲ. ನಮ್ಮ ಶಿವ ಒಬ್ಬ ಸಾಲದು ಅಂತ ಪಕ್ಕದ ಸಂಪಿಗೆ ಊರಿನ ಶ್ರೀನಿವಾಸನನ್ನೂ ಬಿಡಲಿಲ್ಲ. ಅಂಥವಳ ಕೈಯಲ್ಲಿ ಈಗ ಕನ್ನಡದ ಉಚ್ಚಾರಣೆ! ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳಿ ಆಯಿತು. ಈಗ ನಿಮಗೂ ಹೇಳಿದೆ.

ಬರೀ ಅಕ್ಷರ ಸಾಲದು, ಒತ್ತಿದರೆ ದನಿ ಕೇಳಬೇಕು ಅಂತ ಅವಳ ಆಸೆ. ಯಾರ ದನಿ? ನನ್ನದೇ. ಸಂಜೆ ಬಂದವಳೇ ಫೋನು ನನ್ನ ಕೈಗೆ ಕೊಟ್ಟು ಮುಖ ತೊಳೆಯಲು ಹೋಗುವಳು. ಸ್ಕ್ರೀನಿನ ಮೇಲೆ ಒಂದೊಂದೇ ಪದ ಬರುತ್ತದೆ. ಓದಿದರೆ ರೆಕಾರ್ಡ್ ಆಗಿ ಮುಂದಿನದು ಬರುತ್ತದೆ. ತೆಂಗು, ಎಳನೀರು, ಗರಿ, ಮಟ್ಟೆ, ಕೊಬ್ಬರಿ... ಬಾಯಿ ಒಣಗುವವರೆಗೆ ಹೇಳಿದೆ. ಅವಳು ಟೆಂಪ್ಲೇಟಿಗೆ ಅದೇನೋ ಒಂದು ಸಾಲು ಸೇರಿಸಿದಳು, ಎಲ್ಲ ಪುಟಗಳಲ್ಲೂ ನಾನು ಒಟ್ಟಿಗೆ ಮಾತಾಡತೊಡಗಿದೆ.

ಆಮೇಲೆ ಬಂತು ದೂರು. ದೂರದೂರಿನ ಯಾರೋ ಅಲ್ಲಿನ ಚರ್ಚೆಯ ಪುಟದಲ್ಲಿ ಬರೆದಿದ್ದರು. 'ಹಾವು' ಒತ್ತಿದರೆ 'ಹುಳ' ಅಂತ ಕೇಳುತ್ತದೆ. (ಇದನ್ನು ಹಗಲು ಹೊತ್ತಿನಲ್ಲೇ ಬರೆಯುತ್ತಿದ್ದೇನೆ, ಗಾಬರಿ ಬೇಡ.) 'ಉಪ್ಪು' ಒತ್ತಿದರೆ 'ರುಚಿ'. 'ನಂದಿಸು' ಒತ್ತಿದರೆ 'ದೊಡ್ಡದು ಮಾಡು'. ಈ ದನಿಯನ್ನು ನಂಬುವ ಹಾಗಿಲ್ಲ, ಪೂರ್ತಿ ತೆಗೆಯಿರಿ. ಕೇಳಿ ನೋಡದೆ ಹಾಕಿದವರ ಕೈಯಲ್ಲಿ ಟೆಂಪ್ಲೇಟ್ ಇರಬೇಕೇ, ಯೋಚಿಸಿ ಅಂತ.

ಸಿಂಚು ಊಟದ ತಟ್ಟೆಯ ಮುಂದೆ ಕೂತು ಅದಷ್ಟನ್ನೂ ನನಗೆ ಓದಿ ಹೇಳಿದಳು. ಆಮೇಲೆ ಕೇಳಿದಳು.

"ಅಜ್ಜಿ, ಫೋನಲ್ಲಿ ಹಾವು ಅಂತ ತಾನೇ ಇದ್ದಿದ್ದು?"

"ಶ್! ದೀಪ ಉರೀತೈತೆ. ಹುಳ ಅನ್ನು."

ಅಂದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ನಮ್ಮ ಕಡೆ ದೀಪ ಹಚ್ಚಿದ ಮೇಲೆ ಕೆಲವು ಮಾತು ಬಾಯಿಗೆ ಬರುವುದಿಲ್ಲ. ಹೆಸರು ಹಿಡಿದರೆ ಹಾವು ಬಂದೀತು. ಉಪ್ಪು ಅಂದರೆ ಲಕ್ಷ್ಮಿ ಹೊರಟಾಳು. ಇನ್ನು ದೀಪವನ್ನು ನಂದಿಸು ಅನ್ನುವುದುಂಟೆ? ದೊಡ್ಡದು ಮಾಡು ಅನ್ನಬೇಕು. ಕಣ್ಣು ಸ್ಕ್ರೀನನ್ನೇ ಓದಿದೆ, ಬಾಯಿ ತನ್ನ ಪಾಡಿಗೆ ತಾನು ಬದಲಾಯಿಸಿದೆ. ನನಗೆ ಗೊತ್ತೇ ಆಗಿಲ್ಲ!

"ಬೆಳಗ್ಗೆ ಕೇಳಿದ್ರೆ ಸರ್ಯಾಗೇ ಹೇಳ್ತಿದ್ದೆ ಕಣವ್ವ. ನನ್ನ ತೆಗೆದ್ರೆ ತೆಗೀಲಿ ಬುಡು, ನಿನ್ ಕೆಲ್ಸ ಉಳೀಲಿ" ಅಂದೆ.

"ನೀನ್ ಸುಮ್ನಿರಜ್ಜಿ" ಅಂತ ನಕ್ಕಳು. ತಟ್ಟೆ ಬದಿಗೆ ಸರಿಸಿ, ಇದ್ದದ್ದನ್ನು ಇದ್ದ ಹಾಗೆ ಬರೆದಳು: ಅಜ್ಜಿ ಕೂತಿದ್ದು ದೀಪದ ಮುಂದೆ, ಆ ಹೊತ್ತಿನಲ್ಲಿ ಇಲ್ಲಿ ಹೀಗೇ ಅನ್ನುತ್ತಾರೆ, ಕೇಳಿ ನೋಡದ್ದು ನನ್ನ ತಪ್ಪು.

ಉತ್ತರ ಬರುವವರೆಗೆ ನನಗೆ ಊಟ ಸೇರಲಿಲ್ಲ. ಯಜಮಾನರು ಬೇರೆ ಕಾಯಿ ಸುಲಿಯುತ್ತಾ ರೇಗಿಸುತ್ತಿದ್ದರು. "ನಿನ್ ಬಾಯಿ ನಿಲ್ಸಕ್ಕೆ ನನ್ ಕೈಲಿ ಆಗ್ಲಿಲ್ಲ. ಅವ್ನ್ಯಾರೋ ಪುಣ್ಯಾತ್ಮ ಕಂಪ್ಯೂಟರ್ನಾಗೆ ನಿಲ್ಲಿಸ್ತಾವ್ನೆ ಕಣೇ!"

ಉತ್ತರ ಬರೆದದ್ದು ದೂರು ಕೊಟ್ಟವರೇ: ನಮ್ಮ ಮನೆಯಲ್ಲೂ ಅಮ್ಮ ಸಂಜೆ ಆ ಹೆಸರು ಎತ್ತುತ್ತಿರಲಿಲ್ಲ, ನನಗೆ ಮರೆತೇಹೋಗಿತ್ತು. ದನಿ ತೆಗೆಯಬೇಡಿ. ಟೆಂಪ್ಲೇಟಿನಲ್ಲಿ ಅದಕ್ಕೊಂದು ಜಾಗ ಮಾಡಿ ಅಂತ.

ಉಸ್ಸಪ್ಪಾ! ಎದೆಯ ಮೇಲಿಂದ ಒರಳುಕಲ್ಲು ಇಳಿಸಿದ ಹಾಗಾಯಿತು.

ಈಗ ಆ ಟೆಂಪ್ಲೇಟಿನಲ್ಲಿ 'ದೀಪ ಹಚ್ಚಿದ ಮೇಲೆ' ಅಂತಲೇ ಒಂದು ಖಾನೆಯಿದೆ. ನನ್ನ ಹುಳ, ನನ್ನ ರುಚಿ ಎಲ್ಲ ಅಲ್ಲಿ ಹೋಗಿ ಕೂತಿವೆ. ಟೆಂಪ್ಲೇಟ್ ಸಿಂಚು ಕೈಯಲ್ಲೇ ಉಳಿಯಿತು. ಬೆಳಗ್ಗೆ ಒಂದು, ಸಂಜೆ ಒಂದು ಮಾತಾಡುವವರನ್ನು ನಾವು ಬೈಯುತ್ತೇವಲ್ಲ? (ಅದರಲ್ಲೂ ಎಲೆಕ್ಷನ್ ಟೈಮಿನಲ್ಲಿ.) ಆ ಡಿಕ್ಷನರಿ ನೋಡಿ, ಬೈಯುವ ಮೊದಲು ಹೊತ್ತು ಯಾವುದು ಅಂತ ಕೇಳಿತು!

ಭಾನುವಾರ ಬೆಳಗ್ಗೆ ಅಂಗಳದ ಬಿಸಿಲಲ್ಲಿ ಕೂತು ಸಂಜೆ ಬಾಯಿ ಬದಲಾಯಿಸಿದ್ದ ಪದಗಳನ್ನೆಲ್ಲ ಇದ್ದ ಹಾಗೇ ಹೇಳಿದೆ. ಈ ಸಲ ಸಿಂಚು ಪಕ್ಕದಲ್ಲೇ ಇದ್ದಳು. ನಾನು ಗಂಟಲು ಬಿಚ್ಚಿ "ಹಾವು!" ಅಂದೆ. ಹಿತ್ತಲಿಂದ ಯಜಮಾನರು ದೊಣ್ಣೆ ಹಿಡಿದು ಓಡಿ ಬಂದರು. "ಎಲ್ಲೇ? ಎಲ್ಲೇ?" (ಅದೂ ರೆಕಾರ್ಡ್ ಆಯಿತು. ಕತ್ತರಿಸಿದೆವು.)

ಅವತ್ತು ಸಂಜೆ ದೀಪ ಹಚ್ಚಿ ಕೈಮುಗಿದು ನಿಂತಿದ್ದೆ. ಎಲ್ಲ ಸರಿ ಬಂತಾ ನೋಡೋಣ ಅಂತ ಸಿಂಚು ಗುಂಡಿ ಒತ್ತಿದಳು. ನಡುಮನೆಯಲ್ಲಿ, ದೇವರ ಮುಂದೆ, ಗಂಟಲು ಬಿಚ್ಚಿದ ದನಿ: "ಹಾವು!"

ಈಗ ನಾನು ಗದರಬೇಕಾದ್ದು ಯಾರನ್ನು, ನೀವೇ ಹೇಳಿ?