ಯಶೋಧಾ ಬಿಚ್ಚಿದ ಪಂಪು

ಯಶೋಧಾ ಮೊದಲ ಸಲ ನಮ್ಮ ಬಾಗಿಲು ತಟ್ಟಿದಾಗ ಅವರನ್ನು ಜನಗಣತಿಯವರು ಎಂದುಕೊಂಡೆ. ಹೆಗಲಿಗೆ ಚೀಲ, ಕೈಯಲ್ಲಿ ಪುಸ್ತಕ. ಅವರು ಕೇಳುವ ಮೊದಲೇ ಮನೆಮಂದಿಯ ವಯಸ್ಸನ್ನೆಲ್ಲ ಒಪ್ಪಿಸಿದೆ. ನನ್ನದರಲ್ಲಿ ಎರಡು ವರ್ಷ ಇಳಿಸಿಯೂ ಇದ್ದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ಆಯ್ತು ಸಾರ್, ಈಗ ಪಂಪ್ ರೂಮಿನ ಬೀಗದಕೈ ಕೊಡಿ" ಎಂದರು.

ಅವರು ಅಗ್ರಹಾರದ ಪಂಪ್ ಮೆಕ್ಯಾನಿಕ್ ಸಣ್ಣಮಾದಯ್ಯನವರ ಮಗಳು. ಅಪ್ಪ ಮಂಡಿನೋವಿನಿಂದ ಕೂತ ಮೇಲೆ ಅಂಗಡಿ ಇವರದೇ. ಸರಸ್ವತಿಪುರಂನ ನಮ್ಮ ಐದು ಮಹಡಿಯ ಕಟ್ಟಡಕ್ಕೆ ಅವತ್ತು ಪಂಪು ಕೂರಿಸಿದವರೂ ಇವರೇ. ಆರು ವರ್ಷ ನೀರು ತಕರಾರಿಲ್ಲದೆ ತಾರಸಿಗೆ ಏರಿತು.

ಕಳೆದ ತಿಂಗಳು ನಮ್ಮ ಸಂಘದ ಅಧ್ಯಕ್ಷ ಮೃತ್ಯುಂಜಯ ಅವರ ಧ್ಯಾನಕ್ಕೆ ಪಂಪಿನ ಸದ್ದು ಅಡ್ಡಬಂತು. ಬೇರೆ ಮೆಕ್ಯಾನಿಕ್ ಒಬ್ಬನನ್ನು ಕರೆಸಿದರು. ಪಂಪು ಸಾಧುವಾಯಿತು. ನೀರೂ ವೈರಾಗ್ಯ ತಾಳಿ, ಟ್ಯಾಂಕಿಗೆ ಹತ್ತಡಿ ಇರುವಾಗಲೇ ನಿಂತುಬಿಟ್ಟಿತು. ಅಧ್ಯಕ್ಷರು ಹನ್ನೊಂದು ಪುಟದ ವರದಿ ಬರೆದರು. ಸಾರಾಂಶ: ಪಂಪೇ ಕಳಪೆ, ಯಶೋಧಾರನ್ನು ಯಾರೂ ಕರೆಯಕೂಡದು. ಬೀದಿಯ ಎಲ್ಲ ಕಟ್ಟಡಗಳಿಗೂ ಹಂಚಲು ಪ್ರತಿಗಳು ಸಿದ್ಧವಾದವು.

ಸುದ್ದಿ ತಿಳಿದು ಭಾನುವಾರ ಬೆಳಿಗ್ಗೆ ಯಶೋಧಾ ಬಂದರು.

"ಎಲ್ರ ಮುಂದೇನೇ ಬಿಚ್ತೀನಿ. ತಪ್ಪು ನಂದಾದ್ರೆ ನಮ್ಮಪ್ಪನ ಹೆಸರಿನ ಬೋರ್ಡು ಇವತ್ತೇ ಇಳಿಸ್ಬುಡ್ತೀನಿ."

"ಓಡ್ತಿರೋ ಪಂಪು ಕಣಮ್ಮ, ಬಿಚ್ಚಿ ಏನು ನೋಡ್ತೀಯ?" ಎಂದರು ಅಧ್ಯಕ್ಷರು.

"ಓಡೋದು ಮೋಟರು ಸಾರ್. ಏರ್ಬೇಕಾದ್ದು ನೀರು."

ಹಳೆಯ ಪೇಪರಿನ ಮೇಲೆ ಒಳಭಾಗಗಳನ್ನು ಸಾಲಾಗಿ ಜೋಡಿಸಿದರು. ಒಂದೇ ಕಂಬಿಗೆ ಎಂಟು ಚಕ್ರಗಳಿರಬೇಕಿತ್ತು. ಇದ್ದದ್ದು ಐದು. ಉಳಿದ ಮೂರು ಚಕ್ರಗಳ ಜಾಗದಲ್ಲಿ ಬರೀ ಕೊಳವೆ ತುಂಡು!

"ನೋಡಿ, ಮೊದಲ್ನೇ ಚಕ್ರ ನೀರ್ನ ಹದಿಮೂರಡಿ ತಳ್ತದೆ. ಎರಡನೇದು ಅದೇ ನೀರ್ನ ಇಸ್ಕೊಂಡು, ಅದರ ಮೇಲಿನ್ನೂ ಹದಿಮೂರು. ನೀರು ಅಷ್ಟೇ ಇರ್ತದೆ, ಜೋರು ಸೇರ್ತಾ ಹೋಗ್ತದೆ. ಉಜ್ಜಿ ಸದ್ದು ಮಾಡ್ತಿದ್ದ ಮೂರನ್ನ ಯಾರೋ ಪುಣ್ಯಾತ್ಮರು ಕಿತ್ತಾಕ್ಬುಟ್ಟವ್ರೆ. ಐದ್ರಲ್ಲಿ ಅರವತ್ತೈದಡಿ ಏರ್ತದೆ. ನಿಮ್ ಟ್ಯಾಂಕಿಗೆ ಎಪ್ಪತ್ತೈದು ಬೇಕು."

ಲೆಕ್ಕ ಕೇಳಿ ಅಧ್ಯಕ್ಷರು ವರದಿಯನ್ನು ಬೆನ್ನ ಹಿಂದೆ ಹಿಡಿದರು.

ಚೀಲದಿಂದ ಮೂರು ಹೊಸ ಚಕ್ರ ಹೊರಬಂದವು. ಪಂಪು ಜೋಡಿಸಿ ಸ್ವಿಚ್ ಒತ್ತಿದರು. ನಾವು ಹನ್ನೆರಡು ಮಂದಿ ದೊಡ್ಡವರು ಕತ್ತೆತ್ತಿ ಆಕಾಶ ನೋಡುತ್ತ ನಿಂತೆವು. ಒಂದು ವಾರದಿಂದ ಬಕೆಟ್ ಹೊತ್ತು ಸುಸ್ತಾಗಿದ್ದ ಐದನೇ ಮಹಡಿಯ ಅಂಬುಜಮ್ಮ ತಾರಸಿಯ ಅಂಚಿಗೆ ಬಂದು ಕೂಗಿದರು: "ಬಂತು ಕಣ್ರೀ! ಧೋ ಅಂತ ಬಂತು! ಆ ವರದಿ ಕಳಿಸಿ, ಒಲೆ ಹೊತ್ತಿಸ್ಕೋತೀನಿ!"

ಚಪ್ಪಾಳೆ ಬಿತ್ತು. ಪಕ್ಕದ ಕಟ್ಟಡದವರು ಕಾಂಪೌಂಡಿನ ಆಚೆಯಿಂದಲೇ ಯಶೋಧಾರ ನಂಬರು ಬರೆದುಕೊಂಡರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಕೇಳಿದರು: "ಅಲ್ಲಮ್ಮ, ಆ ಐದರಲ್ಲೇ ಇನ್ನೊಂದೆರಡು ಗಂಟೆ ಜಾಸ್ತಿ ಓಡಿಸಿದ್ದರೆ ನೀರು ತಾನಾಗೇ ಹತ್ತುತ್ತಿರಲಿಲ್ಲವೇ?"

ಯಶೋಧಾ ಸ್ಪ್ಯಾನರ್ ಒರೆಸುತ್ತ ಹೇಳಿದರು: "ಇಲ್ಲ ಸಾರ್. ಮೋಟರ್ ಸುಟ್ಟೋಗೋದು. ಅದನ್ನೂ ನನ್ ಮೇಲೇ ಹಾಕ್ತಿದ್ರಿ."