ಒಂಬತ್ತನೇ ಕಲಮು, ಅಪ್ಪನ ಅಚ್ಚುಗಳು

ಕರಾರುಪತ್ರವನ್ನು ನನ್ನಷ್ಟು ಬಿಗಿಯಾಗಿ ಬರೆಯುವ ವಕೀಲರು ಪಾಂಡವಪುರದಲ್ಲಿ ಇನ್ನೊಬ್ಬರಿಲ್ಲ ಎಂದು ನನಗೆ ಸ್ವಲ್ಪ ಜಂಬವಿತ್ತು. ಸ್ವಲ್ಪವೇನು, ಚೆನ್ನಾಗಿಯೇ ಇತ್ತು.

ಬೆಳಗೊಳದ ಕಡೆ ಕೆತ್ತನೆಯ ಬಾಗಿಲು ಮಾಡಿಸಿ ಮಾರುವ ಮಾಲೀಕರೊಬ್ಬರು ಬಂದು, ಬಡಗಿಗಳು ಸಂಬಳದಾಳುಗಳಲ್ಲ, ಸ್ವತಂತ್ರ ಗುತ್ತಿಗೆದಾರರು ಎನ್ನುವ ಹಾಗೆ ಕರಾರು ಬರೆದುಕೊಡಿ ಎಂದರು. ಬರೀ ಹೆಸರಿಟ್ಟರೆ ಸಾಲದು ಎಂದು ಕೂರಿಸಿ ಹೇಳಿದೆ. ಒಂಬತ್ತಕ್ಕೆ ಬಾ, ಆರಕ್ಕೆ ಹೋಗು, ಬೇರೆಯವರ ಕೆಲಸ ಮುಟ್ಟಬೇಡ ಎಂದು ಬಡಗಿಯನ್ನು ಕಟ್ಟಿಹಾಕಿದರೆ, ಕಾಗದದಲ್ಲಿ ಏನೇ ಇರಲಿ, ನ್ಯಾಯಾಲಯ ಅವನನ್ನು ನಿಮ್ಮ ನೌಕರನೆಂದೇ ನೋಡಬಹುದು. ಉಳಿ, ಬಾಚಿ ಅವನದೇ ಇರಲಿ, ಹೊತ್ತೂ ಅವನದೇ ಇರಲಿ. ಯಾವ ಕೆಲಸ, ಎಂದಿಗೆ ಮುಗಿಯಬೇಕು, ನಡುವೆ ಬಿಡುವುದಾದರೆ ಎಷ್ಟು ದಿನದ ನೋಟಿಸು, ಕೈ ಕೊಯ್ದುಕೊಂಡರೆ ಯಾರ ಹೊಣೆ, ಎಲ್ಲ ಬರೆದೆ. ಒಂಬತ್ತನೇ ಕಲಮಿನಲ್ಲಿ, ಈ ಕೆಲಸಕ್ಕೆ ಉಪಯೋಗಿಸಿದ ನಕ್ಷೆ, ಅಚ್ಚುಗಳೆಲ್ಲವೂ ಮಾಲೀಕರಿಗೇ ಸೇರತಕ್ಕದ್ದು ಎಂದು ಬರೆದು, ಇನ್ನೊಮ್ಮೆ ಓದಿ ಖುಷಿಪಟ್ಟೆ.

ಮಾರನೇ ವರ್ಷ ಅಪ್ಪ ಕೆ.ಆರ್. ಪೇಟೆ ಬಸ್ಸಿನಲ್ಲಿ ಬಂದು ನನ್ನ ಆಫೀಸಿನ ಬೆಂಚಿನ ಮೇಲೆ ಕೂತ. ಅಪ್ಪ ಬಡಗಿ. ತಲೆಬಾಗಿಲು ಕೆತ್ತುವುದರಲ್ಲಿ ಗೋವಿಂದನಹಳ್ಳಿ ಸುತ್ತಮುತ್ತ ಹೆಸರಾದವನು. ಮುತ್ತಾತ ತಗಡಿನಲ್ಲಿ ಕತ್ತರಿಸಿದ ಗಿಳಿ, ತಾವರೆ, ಬಳ್ಳಿಯ ಅಚ್ಚುಗಳು ನಮ್ಮನೆಯ ಟ್ರಂಕಿನಲ್ಲಿವೆ. ಅವನ್ನು ಮರದ ಮೇಲಿಟ್ಟು ಪೆನ್ಸಿಲಿನಲ್ಲಿ ಗೀಟೆಳೆದ ಮೇಲೆಯೇ ಅಪ್ಪ ಉಳಿ ಹಿಡಿಯುವುದು. ಆಯುಧಪೂಜೆಯ ದಿನ ಉಳಿಗಿಂತ ಮೊದಲು ಅವಕ್ಕೆ ಕುಂಕುಮ.

“ಒಬ್ರಿಗೆ ಮೂರು ಬಾಗ್ಲು ಮಾಡ್ಕೊಟ್ಟೆ ಕಣವ್ವ. ಈಗ ಅಚ್ಚೂ ತಂದ್ಕೊಡು ಅಂತಾವ್ರೆ. ಇನ್ಮೇಲೆ ಬ್ಯಾರೆಯೋರ್ಗೆ ಆ ಗಿಳಿ ಕೆತ್ತಂಗಿಲ್ವಂತೆ,” ಎಂದು ಕರಾರು ಮುಂದಿಟ್ಟ.

ಓದದೆ ಸೈನು ಹಾಕಿದ್ದಕ್ಕೆ ಚೆನ್ನಾಗಿ ಬೈದೆ. ಕಕ್ಷಿದಾರರನ್ನು ಬೈದು ಅಭ್ಯಾಸ ನನಗೆ. ಅಪ್ಪ ಕರಾರನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿದ. ಒಂಬತ್ತನೇ ಕಲಮು ಓದಿದೆ. ‘ಬಡಗಿ ಮೊದಲೇ ತನ್ನದಾಗಿ ತಂದದ್ದನ್ನು ಬಿಟ್ಟು’ ಎಂದು ಒಂದು ಸಾಲು ಸೇರಿಸೋಕೆ ಇದನ್ನು ಬರೆದ ಮಹಾನುಭಾವನಿಗೆ ಏನು ಬಂದಿತ್ತು ರೋಗ ಎಂದು ಗೊಣಗಿದೆ. ಎರಡನೇ ಸಲ ಓದಿದಾಗ ಗುರುತು ಸಿಕ್ಕಿತು. ಆ ಮಹಾನುಭಾವರು ನಾನೇ. ಮಾಲೀಕರು ನನ್ನ ನಮೂನೆಗೇ ಹೆಸರು ತುಂಬಿ ತುಂಬಿ ಎಲ್ಲ ಬಡಗಿಗಳಿಂದಲೂ ಸೈನು ಹಾಕಿಸಿಕೊಂಡಿದ್ದರು. ಬಡಗಿಯ ಮಗಳಾಗಿ ನನಗೆ ಆ ಟ್ರಂಕಿನ ನೆನಪೇ ಬಂದಿರಲಿಲ್ಲವಲ್ಲ ಎಂದು ಬಹಳ ನಾಚಿಕೆಯಾಯಿತು.

ಮಾಲೀಕರ ವಿರುದ್ಧ ನಾನು ವಕಾಲತ್ತು ಹಾಕುವಂತಿರಲಿಲ್ಲ. ಅವರ ಪರವಾಗಿ ಕರಾರು ಬರೆದವಳೇ ನಾನು. ಮಗಳಾಗಿ ಬೆಳಗೊಳಕ್ಕೆ ಹೋದೆ.

“ನೀವೇ ಬರ್ಕೊಟ್ಟಿದ್ದು ಮೇಡಂ. ಈಗ ನೀವೇ ಸರಿಯಿಲ್ಲ ಅಂದ್ರೆ ನಾನ್ ಯಾರ್ನ ಕೇಳ್ಲಿ?” ಎಂದರು ಮಾಲೀಕರು.

ತಪ್ಪು ನನ್ನದು ಎಂದೆ. ಕೋರ್ಟಿನಲ್ಲಿ ಯಾವತ್ತೂ ಆಡಿದ ಮಾತಲ್ಲ ಅದು. ಎರಡು ಗಂಟೆ ಜಗ್ಗಾಡಿ ಒಂದು ಪೂರಕ ಕರಾರಿಗೆ ಒಪ್ಪಿದರು. ಅಚ್ಚುಗಳು ಅಪ್ಪನವೇ, ಯಾರಿಗೆ ಬೇಕಾದರೂ ಕೆತ್ತಬಹುದು. ಆ ಮೂರು ಬಾಗಿಲಿನಂಥವನ್ನು ಮಾಲೀಕರೂ ಮಾಡಿಸಬಹುದು. ಉಳಿದ ಬಡಗಿಗಳಿಗೂ ಇದನ್ನೇ ಕೊಡಿ ಎಂದಾಗ, ನೋಡೋಣ ಎಂದರು.

ಮಾಲೀಕರ ಸಹಿಯಾದ ಹಾಳೆಯನ್ನು ಅಪ್ಪನ ಕೈಗೆ ಕೊಟ್ಟು, ಈ ಸಲವಾದರೂ ಓದಪ್ಪ ಎಂದೆ. ಅಪ್ಪ ನೇರ ಕೊನೆಗೆ ಹೋಗಿ ಸೈನು ಹಾಕಿ ಪೆನ್ನು ವಾಪಸ್ಸು ಕೊಟ್ಟ. ನನಗೆ ರೇಗಿತು. ಮತ್ತೆ ಅದೇ ಕೆಲಸವೇ ಎಂದೆ.

“ಆವತ್ತೂ ನಿಮ್ ಮಗ್ಳೇ ಬರ್ದವ್ಳೆ ಅಂತ ಮಾಲೀಕ್ರು ಏಳುದ್ರು ಕಣವ್ವ. ನೀ ಬರೆದ್ಮೇಲೆ ನಾ ಇನ್ನೇನ್ ಓದೋದು ಅಂತ ಸೈನ್ ಆಕ್ಬುಟ್ಟೆ.”

ಆಫೀಸಿನಲ್ಲಿ ನಾನು ಬೈಯುವಾಗಲೂ ಅದನ್ನು ಬರೆದವಳು ನಾನೇ ಎಂದು ಅವನಿಗೆ ಗೊತ್ತಿತ್ತು. ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡು, ಮೊದಲ ಸಾಲಿನಿಂದ ಗಟ್ಟಿಯಾಗಿ ಓದಿ ಹೇಳಿದೆ.