ಕೆಂಪು ಅಂಗಿ ತೊಟ್ಟ ನಾಯಿ

ಮೊದಲ ಪೆಟ್ಟು ಎಲ್ಲಿ ಬಿತ್ತು ಎಂಬುದರ ಬಗ್ಗೆ ನನಗೂ ಅಕ್ಕನಿಗೂ ಇವತ್ತಿಗೂ ಒಮ್ಮತವಿಲ್ಲ. ಎಣ್ಣೆ ಪ್ಯಾಕೆಟ್ಟುಗಳ ಮೇಲೆ ಬಿತ್ತು ಎನ್ನುತ್ತೇನೆ ನಾನು. ಪ್ಯಾಕೆಟ್ಟು ಒಡೆದು ಎಣ್ಣೆ ನೆಲದ ಮೇಲೆ ಹರಿದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಅಕ್ಕ ಹೇಳುವುದೇ ಬೇರೆ. ಮೊದಲನೆಯದೇ ನಾಯಿಯ ಹಿಂಗಾಲಿಗೆ ಬಿತ್ತು, ಎಣ್ಣೆ ಹರಿದದ್ದು ಆಮೇಲೆ. ಮೂಳೆ ಮುರಿದ ಸದ್ದು ಅವಳಿಗೆ ಕೇಳಿಸಿತಂತೆ. ನನಗೆ ಕೇಳಿಸಲಿಲ್ಲ. ಅಥವಾ ಕೇಳಿಸಿದ್ದನ್ನು ಎಣ್ಣೆಯ ಚಿತ್ರದಿಂದ ಮುಚ್ಚಿಕೊಂಡಿದ್ದೇನೋ ಏನೋ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆದ್ದರಿಂದ ನಾವಿಬ್ಬರೂ ಒಪ್ಪುವಷ್ಟನ್ನು ಬರೆಯಲು ನೋಡುತ್ತೇನೆ. ಒಪ್ಪದ ಕಡೆ ಹಾಗೆಂದೇ ಹೇಳುತ್ತೇನೆ.

ಅಕ್ಕನ ಮನೆ ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ, ನನ್ನದು ಕುಂಬಾರಕೊಪ್ಪಲಿನಲ್ಲಿ. ಭಾವ ಹೋದಮೇಲೆ ಅವಳು ಒಬ್ಬಳೇ ಇದ್ದಳು, ಧೈರ್ಯವಾಗಿಯೇ ಇದ್ದಳು. ಒಂದು ಬೆಳಿಗ್ಗೆ ಗೇಟಿನ ಮುಂದೆ ನೀರು ಹಾಕಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದವಳ ಕೊರಳಿಗೆ ಬೈಕಿನಲ್ಲಿ ಬಂದ ಇಬ್ಬರು ಹಿಂದಿನಿಂದ ಕೈ ಹಾಕಿದರು. ಸರ ತುಂಡಾಗಿದ್ದರೆ ಸರದ ಜೊತೆಗೇ ಮುಗಿದುಹೋಗುತ್ತಿತ್ತು. ಅದು ಅಮ್ಮನ ಕಾಲದ ಗಟ್ಟಿ ಸರ, ತುಂಡಾಗಲಿಲ್ಲ. ಪಕ್ಕದ ಮನೆಯ ಕಾಂಪೌಂಡಿನವರೆಗೆ ಅವಳನ್ನು ಟಾರು ರಸ್ತೆಯ ಮೇಲೆ ಎಳೆದುಕೊಂಡು ಹೋದರು. ನಾನು ಆಸ್ಪತ್ರೆಗೆ ಹೋದಾಗ ಅವಳ ಕತ್ತಿನ ಸುತ್ತ ಚರ್ಮ ಸುಲಿದು, ನೇಣಿನಿಂದ ಇಳಿಸಿದವರ ಹಾಗಿದ್ದಳು. ಒಂದು ಮೊಣಕೈಯಲ್ಲಿ ಜಲ್ಲಿ ಇನ್ನೂ ಕೂತಿತ್ತು.

ಗಾಯ ಒಣಗಿತು. ಅವಳು ಗೇಟು ದಾಟುವುದು ಮಾತ್ರ ನಿಂತುಹೋಯಿತು. ಬೈಕಿನ ಸದ್ದು ಕೇಳಿದರೆ ಒಳಗೆ ಓಡಿ ಚಿಲಕ ಹಾಕಿಕೊಳ್ಳುವಳು. ಡಾಕ್ಟರು ಮಾತ್ರೆ ಕೊಟ್ಟರು, ಮನೆಯಲ್ಲೊಂದು ಪ್ರಾಣಿ ಇದ್ದರೆ ಒಳ್ಳೆಯದು ಎಂದೂ ಅಂದರು. ಹಾಗೆ ಬಂದದ್ದು ಆ ನಾಯಿ. ಪೊಮೆರೇನಿಯನ್ ಅಂದು ಕೊಟ್ಟಿದ್ದರು, ಪೂರ್ತಿ ಅದಲ್ಲ. ಬಿಳಿ ಮೈ, ಒಂದು ಕಿವಿ ಬಾಗಿದ್ದು, ಕಂಕುಳಲ್ಲಿ ಹಿಡಿಯುವಷ್ಟು ಗಾತ್ರ. ಅದನ್ನು ಕರೆದುಕೊಂಡು ಅಕ್ಕ ಮೊದಲು ಗೇಟಿನವರೆಗೆ, ಆಮೇಲೆ ತಿರುವಿನವರೆಗೆ ಹೋಗತೊಡಗಿದಳು.

"ಹಿಂದೆ ತಿರುಗಿ ನೋಡೋಕೆ ನಂಗೆ ಆಗಲ್ಲ ಕಣೇ," ಎಂದಳು ಒಮ್ಮೆ. "ಅದು ನೋಡತ್ತೆ. ನಾನು ಮುಂದೆ ನೋಡ್ಕೊಂಡು ನಡೀತೀನಿ."

ತಿರುವಿನಲ್ಲಿ ಒಂದು ದಿನಸಿ ಅಂಗಡಿ. ನಾವೇ ಒಳಗೆ ಹೋಗಿ ಸಾಮಾನು ಆರಿಸಿಕೊಳ್ಳುವಂಥದ್ದು. ಅಂಗಡಿಯವನು ನಲವತ್ತರ ಆಸುಪಾಸಿನವನು, ಬಾಯಿ ಜೋರು. ಅವನ ತಾಯಿ ದಿನವಿಡೀ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುವರು. ಅವನು ಮೊದಲ ದಿನವೇ ತಡೆದ.

"ಮೇಡಂ, ನಾಯಿನ ಹೊರ್ಗೆ ಕಟ್ಟಿ. ಅಕ್ಕಿ ಮೂಟೆ ಎಲ್ಲಾ ಕೆಳ್ಗೇ ಅವೆ. ಒಂದ್ಸಲ ಕಾಲೆತ್ತಿದ್ರೆ ನನ್ ಕಥೆ ಮುಗೀತು."

ಹೊರಗೆ ಕಟ್ಟಿದರೆ ಅಕ್ಕ ಒಳಗೆ ಹೋಗಲಾರಳು. ವಾಪಸು ಬಂದಳು. ಕೆಲವು ದಿನ ಬಿಟ್ಟು ಆನ್‌ಲೈನಿನಲ್ಲಿ ನಾಯಿಗೊಂದು ಕೆಂಪು ಅಂಗಿ ತರಿಸಿದಳು. ಎರಡೂ ಪಕ್ಕೆಯಲ್ಲಿ ಬಿಳಿ ಇಂಗ್ಲಿಷ್ ಅಕ್ಷರ: ಸರ್ವಿಸ್ ಡಾಗ್. ಜೊತೆಗೆ ನಾಯಿಯ ಫೋಟೋ ಹಾಕಿದ ಒಂದು ಕಾರ್ಡು. ಯಾರು ಬೇಕಾದರೂ ತರಿಸಿಕೊಳ್ಳಬಹುದು, ಯಾರೂ ಏನೂ ಕೇಳುವುದಿಲ್ಲ. ಎರಡನೆಯ ಸಲ ಹೋದಾಗ ನಾನೂ ಇದ್ದೆ.

"ಇದೇನ್ ಮೇಡಂ, ಪೊಲೀಸ್ನೋರ್ ನಾಯಿನಾ? ಬಾಂಬ್ ಹುಡ್ಕ್ತದಾ?"

"ಟ್ರೈನಿಂಗ್ ಆಗಿರೋ ನಾಯಿ ಇದು. ನಂಗೆ ಹುಷಾರಿಲ್ಲ, ಡಾಕ್ಟ್ರು ಬರ್ಕೊಟ್ಟಿದಾರೆ. ತಡೆಯೋ ಹಾಗಿಲ್ಲ."

ಅವನು ಬಗ್ಗಿ ನಾಯಿಯ ಮುಖ ನೋಡಿದ. "ಇಷ್ಟೇ ಇಷ್ಟಿದೆ. ಯಾವ ಕ್ಲಾಸ್ ಗಂಟ ಓದೈತೆ?"

"ನಿಮಗಿಂತ ಜಾಸ್ತಿ."

ಕುರ್ಚಿಯಲ್ಲಿದ್ದ ತಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬುಡ್ಲಾ, ಪಾಪ, ಹುಷಾರಿಲ್ದಿರೋ ಹೆಣ್ಮಗ." ಅವನು ಬಿಟ್ಟ. ಆಮೇಲೆ ಅದೇ ರೂಢಿಯಾಯಿತು.

ಮನೆಗೆ ಬಂದು ನಾನು ಜಗಳ ತೆಗೆದೆ. ಆ ಕೆಲಸಕ್ಕೆಂದೇ ಪಳಗಿಸಿದ ನಾಯಿಗಳಿರುತ್ತವೆ, ಕಣ್ಣು ಕಾಣದವರನ್ನು ರಸ್ತೆ ದಾಟಿಸುತ್ತವೆ, ಫಿಟ್ಸ್ ಬರುವ ಮುಂಚೆ ಎಚ್ಚರಿಸುತ್ತವೆ. ನೀನು ಹೀಗೆ ಅಂಗಿ ಹಾಕಿಸಿ ನುಗ್ಗಿದರೆ, ನಾಳೆ ನಿಜವಾಗಿ ಬೇಕಾದವನನ್ನೂ ಬಾಗಿಲಲ್ಲೇ ನಿಲ್ಲಿಸುತ್ತಾರೆ ಎಂದೆ.

"ಮೈಸೂರಲ್ಲಿ ಅಂಥ ಒಂದೇ ಒಂದು ನಾಯಿ ತೋರ್ಸು, ಇವತ್ತೇ ಅಂಗಿ ಬಿಚ್ತೀನಿ."

"ಈಗ ಇದೆ ಅಂತಲ್ಲ, ನಾಳೆ ಬಂದ್ರೆ?"

"ನಾಳೆ ಬರೋನಿಗೋಸ್ಕರ ನಾನು ಇವತ್ತು ಒಳಗೇ ಕೂತು ಸಾಯ್ಲಾ? ನಿನ್ನ ಎಂ.ಎ. ನೀತಿಶಾಸ್ತ್ರನ ಮಡಚಿ ಬೀರುನಲ್ಲಿಡು. ನಂಗೆ ಭಯ ಆಗೋದು ಸುಳ್ಳಾ?"

ಸುಳ್ಳಲ್ಲ. ಅಲ್ಲೇ ನನ್ನ ವಾದ ಎಡವುತ್ತಿತ್ತು. ಅವಳ ಅಗತ್ಯ ನಿಜ, ಅಂಗಿಯ ಮಾತು ಸುಳ್ಳು. ಆ ನಾಯಿಗೆ ಕೂರು ಅಂದರೆ ಕೂರುವುದೂ ಗೊತ್ತಿರಲಿಲ್ಲ. ಅದು ಎಲ್ಲ ಬೈಕಿಗೂ ಬೊಗಳುತ್ತಿತ್ತು, ಅಷ್ಟೇ.

ಆಯುಧಪೂಜೆಯ ದಿನ ಅಂಗಡಿಯವನ ತಾಯಿಯೇ ಅಕ್ಕನನ್ನು ಪೂಜೆಗೆ ಕರೆದಿದ್ದರು. ನಾವು ಹೋಗುವಷ್ಟರಲ್ಲಿ ಮಂಗಳಾರತಿ ಮುಗಿದಿತ್ತು. ತಕ್ಕಡಿ, ಬಿಲ್ಲಿಂಗ್ ಯಂತ್ರ, ಮೂಟೆ ಹೊರುವ ಗಾಡಿ, ಎಲ್ಲಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ. ಶಟರ್ ಎಳೆಯುವ ಉದ್ದನೆಯ ಕಬ್ಬಿಣದ ಕೊಕ್ಕೆಯನ್ನೂ ತೊಳೆದು, ಹೂ ಸುತ್ತಿ, ಗೋಡೆಗೆ ಒರಗಿಸಿದ್ದರು. ಪೂಜೆಗಿಟ್ಟ ಸಾಮಾನನ್ನು ಆವತ್ತು ಯಾರೂ ಕೆಲಸಕ್ಕೆ ಮುಟ್ಟುವುದಿಲ್ಲ. ಮಾರನೆಯ ದಿನ ವಿಜಯದಶಮಿಯಂದೇ ಕೈಗೆ ತೆಗೆದುಕೊಳ್ಳುವುದು. ಹೊಸ್ತಿಲ ಮುಂದೆ ಬೂದುಗುಂಬಳಕಾಯಿ ಒಡೆದಿದ್ದರು. ಒಳಗೆ ತುಂಬಿದ್ದ ಕುಂಕುಮ ತಿರುಳಿನ ನೀರಿಗೆ ಕಲಸಿಕೊಂಡು ಮೆಟ್ಟಿಲ ತುಂಬ ಚೆಲ್ಲಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದವರ ಹೆಜ್ಜೆಯೆಲ್ಲ ಕೆಂಪು. ರಕ್ತದ ಬಲಿಗೆ ಬದಲಾಗಿ ಕೊಡುವ ಕಾಯಿ ಅದು ಎಂದು ಎಲ್ಲೋ ಓದಿದ್ದು ಆವತ್ತು ನನಗೆ ನೆನಪಾಗಿತ್ತು ಎಂದು ಬರೆಯಲು ಆಸೆಯಾಗುತ್ತದೆ. ಆದರೆ ಅದು ನೆನಪಾದದ್ದು ಆಮೇಲೆ.

ನಾಯಿ ಕುಂಬಳದ ಹೋಳಿಗೆ ಮೂತಿ ಹಾಕಿತು. ಬಿಳಿ ಮೂತಿ ಕಣ್ಣಿನವರೆಗೆ ಕೆಂಪಾಯಿತು. ಅಕ್ಕ "ಥೂ, ಬಿಡೋ" ಎಂದು ಎಳೆಯುತ್ತಿದ್ದಳು. ಅಂಗಡಿಯವನ ತಾಯಿ ಕಡ್ಲೆಪುರಿ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಅದೇ ಹೊತ್ತಿಗೆ ಎದುರಿನ ಗ್ಯಾರೇಜಿನವರು ಪಟಾಕಿ ಸರಕ್ಕೆ ಬೆಂಕಿಯಿಟ್ಟರು.

ನಾಯಿ ಹುಚ್ಚೆದ್ದು ಒಳಗೆ ನುಗ್ಗಿತು. ಹಗ್ಗ ಅಕ್ಕನ ಕೈಯಿಂದ ಜಾರಿ ಆ ತಾಯಿಯ ಕಾಲಿಗೆ ಸುತ್ತಿಕೊಂಡಿತು. ಅವರು ತಟ್ಟೆಯ ಸಮೇತ ಉರುಳಿದರು. ನಾಯಿ ಅವರ ಕಾಲಡಿಯಲ್ಲಿ ಸಿಕ್ಕಿ ಒದ್ದಾಡಿ, ಬಿಡಿಸಿಕೊಂಡು ರ‍್ಯಾಕಿನ ಪಕ್ಕದ ಮೂಲೆಗೆ ಹೊಕ್ಕಿತು. ಅವರ ಸೀರೆ ಮೊಣಕಾಲಿಗೆ ಸರಿದಿತ್ತು, ಮೀನಖಂಡದ ಮೇಲೆಲ್ಲ ಕೆಂಪು ಇಳಿಯುತ್ತಿತ್ತು.

"ಕಚ್ಬುಡ್ತು! ಅಜ್ಜಿ ಕಾಲ್ ಕಚ್ಬುಡ್ತು!"

ಕೂಗಿದವರು ಯಾರೋ ಗೊತ್ತಿಲ್ಲ. "ಬಾಗಿಲಲ್ಲಿ ನಿಂತ್ಕಳ್ರೋ, ಓಡೋಯ್ತದೆ!" ಎಂದು ಇನ್ನೊಬ್ಬ. ಪೂಜೆಗೆ ಬಂದಿದ್ದ ಗಂಡಸರು ಒಂದೇ ಕ್ಷಣದಲ್ಲಿ ಗೋಡೆಯಾದರು. ಅಂಗಡಿಯವನು ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡ. ಸಿಕ್ಕಿದ್ದು ಆ ಕೊಕ್ಕೆ.

"ಟ್ರೈನಿಂಗ್ ಅಂತೆ ಟ್ರೈನಿಂಗು! ನಮ್ಮವ್ವನ ಕಾಲ್ ತಿಂತಲ್ರೀ ನಿಮ್ಮ ಟ್ರೈನಿಂಗು! ನಿಮ್ ಮಾತ್ ನಂಬಿ ಒಳಗ್ ಬುಟ್ಟೆನಲ್ಲಾ!"

ಪ್ರತಿ ಪೆಟ್ಟಿಗೂ ಕೊಕ್ಕೆಯಿಂದ ಸೇವಂತಿಗೆ ಎಸಳು ಉದುರುತ್ತಿತ್ತು. ಎಣ್ಣೆ ಹರಿಯಿತು, ನಾಯಿ ಕಿರುಚಿತು, ಯಾವುದು ಮೊದಲೋ. ನಾನು ಆ ತಾಯಿಯ ಪಕ್ಕ ಮಂಡಿಯೂರಿ ಸೆರಗಿನಿಂದ ಅವರ ಕಾಲು ಒರೆಸಿದೆ. ಕೆಂಪು ಒರೆಸಿಕೊಂಡು ಬಂತು, ಕೆಳಗೆ ಚರ್ಮ ನೆಟ್ಟಗಿತ್ತು. ಒಂದು ಗೀರೂ ಇಲ್ಲ. "ಕುಂಕುಮ ಕಣ್ರೀ! ಕಚ್ಚಿಲ್ಲ, ಕುಂಕುಮ ಇದು!" ಎಂದು ಕೂಗಿದೆ. ಕೂಗಿದೆ ಎಂಬುದನ್ನು ಅಕ್ಕನೂ ಒಪ್ಪುತ್ತಾಳೆ. ಆದರೆ ಯಾರೂ ತಿರುಗಲಿಲ್ಲ. ಪಟಾಕಿ ಇನ್ನೂ ಸಿಡಿಯುತ್ತಿತ್ತು, ಅವರಿಗೆ ಹೊಡೆಯುವುದು ಬೇಕಾಗಿತ್ತು.

ಅಕ್ಕ ಎಣ್ಣೆಯಲ್ಲಿ ಜಾರಿಕೊಂಡೇ ಹೋಗಿ ನಾಯಿಯ ಮೇಲೆ ಬಿದ್ದಳು. ಎತ್ತಿದ್ದ ಕೊಕ್ಕೆ ಅವಳ ಭುಜಕ್ಕೆ ಇಳಿಯಿತು. ಕಾಲು ಮುರಿದ ನಾಯಿಗೆ ತನ್ನ ಮೇಲೆ ಬಿದ್ದವರು ಯಾರೆಂದು ತಿಳಿಯಲಿಲ್ಲವೇನೋ. ಅದು ಅವಳ ಕೈಗೆ ಬಾಯಿ ಹಾಕಿತು. ಹೆಬ್ಬೆರಳಿನ ಬುಡದ ಮಾಂಸದಲ್ಲಿ ಹಲ್ಲು ಇಳಿದು, ಅದು ತಲೆ ಒದರಿದ್ದನ್ನು ನಾನು ಕಂಡೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಅಕ್ಕ ತುಟಿ ಬಿಚ್ಚಲಿಲ್ಲ. ಆ ಕೈಯನ್ನು ಬಿಡಿಸಿಕೊಳ್ಳದೆ ಇನ್ನೊಂದು ಕೈಯಿಂದ ನಾಯಿಯನ್ನು ಎದೆಗೆ ಒತ್ತಿಕೊಂಡಳು.

ಕೊಕ್ಕೆ ಮತ್ತೆ ಮೇಲೆದ್ದಿತು.

"ಪೂಜೆಗ್ ಮಡಗಿರೋದು ಕಣ್ಲಾ ಅದು!" ನನ್ನ ಪಕ್ಕದಿಂದ ಕಿರುಚಿದರು ಆ ತಾಯಿ. "ಪೂಜೆಗ್ ಮಡಗಿರೋದ್ನ ಎತ್ತಿದೀಯಲ್ಲೋ ಮುಟ್ಠಾಳ! ಮಡಗ್ಲಾ ಕೆಳಕ್ಕೆ!"

ಅವನ ಕೈ ಅಲ್ಲೇ ನಿಂತಿತು. ಏನು ಹಿಡಿದಿದ್ದೇನೆಂದು ಆಗಷ್ಟೇ ನೋಡಿದವನ ಹಾಗೆ ಕೊಕ್ಕೆಯನ್ನು ನೋಡಿದ. ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು, ಮೆಲ್ಲಗೆ ಗೋಡೆಗೆ ಒರಗಿಸಿದ. ನಾಯಿಗೂ ಅಲ್ಲ, ಅಕ್ಕನಿಗೂ ಅಲ್ಲ, ಅವನು ಕ್ಷಮೆ ಕೇಳಿದ್ದು ಕೊಕ್ಕೆಯನ್ನು. ಆದರೂ ನಾಯಿಯ ಜೀವ ಉಳಿದದ್ದು ಅದರಿಂದಲೇ. ಕುಂಕುಮ ಎಂದು ನಾನು ಕೂಗಿದ ನಿಜ ಯಾರನ್ನೂ ತಡೆಯಲಿಲ್ಲ.

"ಅವ್ವಾ, ಕಚ್ಚಿಲ್ವಾ?"

"ನಂಗೇನಾಗಿಲ್ಲ, ಬಿದ್ದೆ ಅಷ್ಟೇಯ. ಯಾರ್ದಾರ ರಕ್ತ ಬಿತ್ತಾ ಒಳಗೆ? ಪೂಜೆ ದಿನ ಅಂಗ್ಡೀಲಿ ರಕ್ತ ಬೀಳ್ಬಾರ್ದು ಕಣಪ್ಪಾ."

ಅಕ್ಕ ಎದ್ದು ಬಾಗಿಲಿಗೆ ಬಂದಿದ್ದಳು. ನಾಯಿ ಸೆರಗಿನೊಳಗೆ. ಗಾಯದ ಕೈಯಿಂದ ರಕ್ತ ಬೆರಳ ತುದಿಗೆ ಇಳಿಯುತ್ತಿತ್ತು. ಕಚ್ಚಿದ ನಾಯಿ ಎಂದು ತಿಳಿದಿದ್ದರೆ ಆ ಗಂಡಸರು ಬೇರೆ ದೊಣ್ಣೆ ಹುಡುಕುತ್ತಿದ್ದರು. ಅವಳು ಹೊಸ್ತಿಲ ಬಳಿ ಆಯತಪ್ಪಿದವಳಂತೆ ಬಗ್ಗಿ, ಆ ಕೈಯನ್ನು ಕುಂಬಳದ ತಿರುಳಿನಲ್ಲಿ ಊರಿ ಎದ್ದಳು. ಅಂಗೈ ಪೂರ್ತಿ ಕೆಂಪು.

"ಇಲ್ಲಮ್ಮ, ಕುಂಕುಮ," ಎಂದಳು.

ಅಂಗಡಿಯವನು ನನ್ನ ಕಡೆ ತಿರುಗಿದ. "ನೀವ್ ಹೇಳಿ ಮೇಡಂ. ಅವ್ರ್ಗೂ ಕಚ್ಚಿಲ್ಲ ತಾನೇ?"

ನಾನು "ಇಲ್ಲ" ಎಂದೆ ಎಂದು ನನ್ನ ನೆನಪು. ನೀನು ಬಾಯಿಯೇ ಬಿಡಲಿಲ್ಲ, ತಲೆ ಅಲ್ಲಾಡಿಸಿದೆ ಎನ್ನುತ್ತಾಳೆ ಅಕ್ಕ. ಎರಡರಲ್ಲಿ ಯಾವುದಾದರೂ, ಸುಳ್ಳು ಸುಳ್ಳೇ. ಆದರೆ ಗಟ್ಟಿಯಾಗಿ ಹೇಳಿದೆ ಎಂದೇ ನಂಬಿಕೊಳ್ಳಲು ನಾನು ಯಾಕೆ ಇಷ್ಟು ಹಟ ಮಾಡುತ್ತೇನೆ ಎಂಬುದು ನನಗೆ ಅರ್ಥವಾಗಿಲ್ಲ.

ಆಟೋದಲ್ಲಿ ಅವಳು ಕೈ ಬಿಚ್ಚಿದಳು. ನಾಯಿಯ ಕೆಂಪು ಅಂಗಿ ಕಳಚಿ ಗಾಯಕ್ಕೆ ಬಿಗಿಯಾಗಿ ಸುತ್ತಿದೆ. ಆಸ್ಪತ್ರೆಯಲ್ಲಿ ಗಾಯ ತೊಳೆದ ಡಾಕ್ಟರಿಗೆ ಮಾತ್ರ ಅವಳು ನಿಜ ಹೇಳಿದಳು: "ನಮ್ಮ ನಾಯಿನೇ. ನಾನೇ ಅದರ ಮೇಲೆ ಬಿದ್ದೆ." ಸೂಜಿ ಚುಚ್ಚಿಸಿಕೊಂಡಳು, ಹೊಲಿಗೆ ಹಾಕದೆ ಬಿಟ್ಟ ಗಾಯ ನಿಧಾನವಾಗಿ ಕೂಡಿತು. ನಾಯಿಯ ಕಾಲೂ ಕೂಡಿತು, ಸೊಟ್ಟಗೆ.

ಪಳಗಿದ ನಾಯಿಯಾಗಿದ್ದರೆ ಪಟಾಕಿಗೆ ಓಡುತ್ತಿರಲಿಲ್ಲ. ಅಂಗಡಿಯವನು ನಂಬಿದ್ದು ಅದನ್ನೇ. ನಂಬಿದ್ದರಿಂದಲೇ ಅವನ ಸಿಟ್ಟಿಗೆ ಅಷ್ಟು ಬಲ ಬಂತು. ಇದನ್ನು ಅಕ್ಕನಿಗೆ ಹೇಳಿದೆ. ಅವಳು ಒಪ್ಪಿದಳು. ಅಂಗಿಯನ್ನು ಮತ್ತೆ ಹಾಕಲಿಲ್ಲ. ಒಗೆದರೂ ಅದರ ಕಲೆ ಹೋಗಿರಲಿಲ್ಲ. "ಆದ್ರೆ ನಂಗೆ ಒಳಗಿರೋಕೂ ಆಗಲ್ಲ," ಎಂದಳು.

ಅಂಗಡಿಯ ಬಾಗಿಲಿಗೆ ಈಗ ಬೋರ್ಡು ಬಿದ್ದಿದೆ: ನಾಯಿಗಳಿಗೆ ಪ್ರವೇಶವಿಲ್ಲ. ಅದರ ಕೆಳಗೆ, ದಪ್ಪ ಅಕ್ಷರದಲ್ಲಿ: ಯಾವ ಅಂಗಿ ಹಾಕಿದ್ದರೂ ಇಲ್ಲ. ನಾಳೆ ನಿಜವಾದ ನಾಯಿಯ ಜೊತೆ ಬರುವವನು ಅದನ್ನು ಹೇಗೆ ಓದಿಕೊಳ್ಳುತ್ತಾನೋ, ಕಣ್ಣು ಕಾಣದವನಾದರೆ ಯಾರು ಓದಿ ಹೇಳುತ್ತಾರೋ. ನನ್ನ ವಾದ ಗೆದ್ದಿದೆ. ಗೆದ್ದ ಬೋರ್ಡಿನ ಕೆಳಗೆ ನಿಲ್ಲುವುದು ಅಕ್ಕ.

ಅವಳು ನಾಯಿಯನ್ನು ಎತ್ತಿಕೊಂಡು ಮೆಟ್ಟಿಲ ಕೆಳಗೇ ನಿಂತು ಕೂಗಿ ಹೇಳುತ್ತಾಳೆ. ತಾಯಿ ಕುರ್ಚಿಯಿಂದ ಒಳಕ್ಕೆ ದಾಟಿಸುತ್ತಾರೆ: "ತೊಗರಿಬೇಳೆ ಅಂತೆ ಕಣ್ಲಾ, ಬೆಲ್ಲ ಅಂತೆ." ಅವನು ಮುಖ ನೋಡದೆ ತಂದು ಕೊಡುತ್ತಾನೆ. ಹೋದ ವಾರ ನಾನೂ ಜೊತೆಗಿದ್ದೆ. ಪಕ್ಕದ ಶಟರ್ ಅರ್ಧ ಇಳಿಸಲು ಅವನು ಕೊಕ್ಕೆ ಕೈಗೆತ್ತಿಕೊಂಡ. ನಾಯಿಯ ಮೈಯೆಲ್ಲ ನಡುಗಿ, ಉಚ್ಚೆ ಅವಳ ಸೀರೆಗೆ ಇಳಿಯಿತು. ಅಕ್ಕ ಕದಲಲಿಲ್ಲ. ಗಾಯದ ಗುರುತಿನ ಕೈಯನ್ನು ಅದರ ಕಣ್ಣಿಗೆ ಅಡ್ಡ ಹಿಡಿದು, "ಅರ್ಧ ಕೇಜಿ ರವೆ," ಎಂದಳು.